ಏಳು ಪಾಯಿಂಟ್ ನಾಲ್ಕು

1 ನವೆಂಬರ್ 2024, ಶುಕ್ರವಾರ

ತೊಂಬತ್ತೆರಡು ಸ್ಯಾಂಪಲ್. ಹಬ್ಬದಲ್ಲಿ ಆಸ್ಪತ್ರೆ ಖಾಲಿ ಹೊಡೆಯುತ್ತದೆ ಅನ್ನುವವರು ನಮ್ಮ ಲ್ಯಾಬಿಗೆ ಬಂದು ಒಂದು ದಿನ ಕೂರಲಿ. ಆಶಿಶ್‌ಗೆ ಮತ್ತೆ ಬೈದೆ. ಎರಡು ಮಕ್ಕಳ ತಂದೆ, ನನ್ನ ಜೊತೆ ಏಳು ವರ್ಷ ಕೆಲಸ ಮಾಡಿದ್ದಾನೆ, ಈಗಲೂ ಟ್ಯೂಬು ಸರಿಯಾಗಿ ಕಲಸದೆ ಮಷೀನಿಗೆ ಹಿಡಿಯುತ್ತಾನೆ. ರಕ್ತ ಹತ್ತು ನಿಮಿಷ ನಿಂತರೆ ಕೆಂಪು ಕಣ ತಳಕ್ಕೆ ಇಳಿಯುತ್ತದೆ. ಮಷೀನಿನ ಸೂಜಿ ತಳದಿಂದ ಹೀರುತ್ತದೆ. ಇಲ್ಲದ ಹಿಮೋಗ್ಲೋಬಿನ್ ಇದ್ದಂತೆ ತೋರಿಸುತ್ತದೆ. ಎಂಟು ಸಲ ಮೆಲ್ಲಗೆ ತಲೆಕೆಳಗು ಮಾಡು ಎಂದು ಎಷ್ಟು ಸಲ ಹೇಳಲಿ... ಹದಿನಾರು ವರ್ಷದಿಂದ ನನ್ನ ಕೈ ತಾನೇ ಮಾಡುತ್ತದೆ. ನಿದ್ದೆಗಣ್ಣಿನಲ್ಲೂ ತಪ್ಪುವುದಿಲ್ಲ.

ನಾಳೆ ಪಾಡ್ಯ. ನಂದಗಡಕ್ಕೆ, ಅತ್ತೆಯ ಮನೆಗೆ. ಇವರಿಗೆ — ಖಾನಾಪುರ ಡಿಪೋದ ನಾಗಲಿಂಗ ಡ್ರೈವರ್ ಸಾಹೇಬರಿಗೆ — ಮೂರು ವರ್ಷದ ಮೇಲೆ ದೀಪಾವಳಿಗೆ ರಜೆ ಸಿಕ್ಕಿದೆ. ಬೆಳಿಗ್ಗೆಯಿಂದ ಹಳೆ ಕಂಬಳಿ ಹುಡುಕುತ್ತಿದ್ದಾರೆ. ನಲವತ್ತೆರಡು ವಯಸ್ಸು, ದಿನಾ ಬಿಪಿ ಮಾತ್ರೆ, ಆದರೂ ಕುರಿ ಮುಂದೆ ಓಡುವ ಹುಮ್ಮಸ್ಸು. ಇರಲಿ. ಬೆಳಗಾವಿಯ ಖಾಸಬಾಗದ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ ಎಷ್ಟು ದಿನ ಮುಖ ನೋಡಿಕೊಂಡು ಕೂರುವುದು.

2 ನವೆಂಬರ್, ಶನಿವಾರ. ನಂದಗಡ

ಕುರಿ ಬೆದರಿಸುವುದು ಮುಗಿಯಿತು. ಇವರ ಮನೆತನದವರು ಪಾಡ್ಯಕ್ಕೆ ತಪ್ಪದೆ ಮಾಡುತ್ತಾರೆ. ಕುರಿಗಳಿಗೆ ಬಣ್ಣ ಬಳಿದು, ಕೊರಳಿಗೆ ಚೆಂಡುಹೂ ಕಟ್ಟಿ, ಡೊಳ್ಳು ಬಾರಿಸಿ ಬೆದರಿಸುವುದು. ಮುಂದೆ ಒಬ್ಬ ಕಂಬಳಿ ಬೀಸುತ್ತ ಓಡಬೇಕು, ಹಿಂಡು ಅವನ ಹಿಂದೆ ಜಿಗಿಯುತ್ತ ಬರಬೇಕು. ಎಷ್ಟು ಎತ್ತರ ಜಿಗಿದರೆ ಅಷ್ಟು ಒಳ್ಳೆಯದಂತೆ. ಇವರು ಓಡಿದರು. ಚೆನ್ನಾಗಿಯೇ ಓಡಿದರು. ತಿರುಗಿ ನನ್ನ ಕಡೆ ನೋಡಿ ನಕ್ಕ ಹೊತ್ತಿಗೆ ದೊಡ್ಡ ಟಗರು ಬಂದು ಎಡ ಪಕ್ಕೆಯ ಕೆಳಗೆ ಗುದ್ದಿತು. ಕುಕ್ಕರಿಸಿ ಕೂತರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಂಗಿ ಎತ್ತಿ ನೋಡಿದೆ. ಚರ್ಮ ಕೂಡ ಕೆಂಪಾಗಿಲ್ಲ. ಊಟಕ್ಕೆ ಎರಡನೇ ಹೋಳಿಗೆ ಬೇಡವೆಂದರು, ಅದೊಂದೇ ವಿಚಿತ್ರ.

3 ನವೆಂಬರ್, ಭಾನುವಾರ. ಸಂಜೆ 6. ಬೆಳಗಾವಿ, ನಮ್ಮ ಆಸ್ಪತ್ರೆ

ಐಸಿಯು ಹೊರಗಿನ ಬೆಂಚು. ಇಲ್ಲೇ ಕೂತು ಬರೆಯುತ್ತೇನೆ. ಬರೆಯದಿದ್ದರೆ ಎದ್ದು ಯಾರಿಗಾದರೂ ಹೊಡೆದೇನು.

ಬೆಳಿಗ್ಗೆ ಎಡ ಭುಜ ನೋವು ಎಂದರು. ಪಕ್ಕೆ ಅಲ್ಲ, ಭುಜ. ಅತ್ತೆ ಪದ್ಮವ್ವ ಎಣ್ಣೆ ಕಾಸಿ ತಿಕ್ಕಿದರು. ಸ್ಟೇರಿಂಗ್ ಹಿಡಿದು ಹಿಡಿದು ಆಗಿದ್ದು ಎಂದು ನಾನೇ ಜಾಣಳಂತೆ ಹೇಳಿದೆ. ಹೊಟ್ಟೆಯೊಳಗೆ ರಕ್ತ ನಿಂತರೆ ನೋವು ಎಡ ಭುಜದಲ್ಲಿ ಕಾಣುತ್ತದೆ ಎಂಬುದು ಇವತ್ತು ಮಧ್ಯಾಹ್ನ ತಿಳಿಯಿತು. ಖಾನಾಪುರ ಬಸ್ ನಿಲ್ದಾಣದಲ್ಲಿ ಕಣ್ಣು ಕತ್ತಲೆ ಬಂದು ಕುಸಿದರು. ಇವರ ಜೊತೆಯ ಡ್ರೈವರುಗಳೇ ಎತ್ತಿ ತಾಲೂಕು ಆಸ್ಪತ್ರೆಗೆ ಒಯ್ದರು. ಅಲ್ಲಿ ಸ್ಕ್ಯಾನ್ ಮಾಡಿ, ಹೊಟ್ಟೆಯಲ್ಲಿ ರಕ್ತ ಇದೆ, ತಡ ಮಾಡಬೇಡಿ ಎಂದು ಆಂಬುಲೆನ್ಸ್ ಹತ್ತಿಸಿದರು.

ಸಿಟಿ ಸ್ಕ್ಯಾನ್ ಆಯಿತು. ಗುಲ್ಮ ಒಡೆದಿದೆ. ನಾವು ಆಸ್ಪತ್ರೆಯವರು ಸ್ಪ್ಲೀನ್ ಅನ್ನುತ್ತೇವೆ. ಐದರಲ್ಲಿ ಮೂರನೇ ಗ್ರೇಡ್.

ನಮ್ಮ ಸರ್ಜನ್ ಡಾ. ಶುಭದಾ ಮೇಡಮ್ ರವಿವಾರದ ಸೀರೆಯಲ್ಲೇ ಬಂದರು. ಮೊದಲೆಲ್ಲ ಇಂಥದ್ದನ್ನು ಕಂಡ ಕೂಡಲೇ ಹೊಟ್ಟೆ ತೆರೆದು ತೆಗೆದುಬಿಡುತ್ತಿದ್ದರಂತೆ. ಈಗ ಬಿಪಿ ನಿಂತಿದ್ದರೆ, ರಕ್ತ ಹರಿಯುತ್ತಿಲ್ಲವೆಂದು ಸಿಟಿ ಹೇಳಿದರೆ, ಅಲ್ಲಾಡದಂತೆ ಮಲಗಿಸಿ ಕಾಯುತ್ತಾರೆ. ಬಹಳ ಮಂದಿಗೆ ತಾನೇ ಹೆಪ್ಪುಗಟ್ಟಿ ವಾಸಿಯಾಗುತ್ತದೆ. ತೊಡೆಯಿಂದ ತಂತಿ ಹಾಕಿ ಸೋರುವ ನಾಳ ಮುಚ್ಚುವ ದಾರಿಯೂ ಇದೆ, ಆದರೆ ಮಾಡುವವರು ನಮ್ಮಲ್ಲಿಲ್ಲ. ಅಷ್ಟು ದೂರ ಅಲ್ಲಾಡಿಸಿಕೊಂಡು ಒಯ್ಯುವುದು ಮೇಡಮ್‌ಗೆ ಒಪ್ಪಿಗೆಯಿಲ್ಲ. ಆಮೇಲೆ ನನ್ನನ್ನು ಬಾಜುಕ್ಕೆ ಕರೆದು ಹೇಳಿದರು:

“ಪ್ರಮಿಳಾ, ನೀವು ಲ್ಯಾಬಿನವರು, ನಿಮಗ ಸೀದಾ ಹೇಳ್ತೀನಿ. ರಕ್ತ ಸೋರಿದ್ರ ನಾಡಿ ಜೋರಾಗಬೇಕು. ಇವರ ಬಿಪಿ ಮಾತ್ರಿ ನಾಡೀನ ಏರಾಕ ಬಿಡೂದಿಲ್ಲ. ಒಮ್ಮಿಗೆ ನಿಲ್ಲಸಾಕೂ ಬರೂದಿಲ್ಲ. ಹಂಗಾಗಿ ನಾ ನಂಬೂದು ಹಿಮೋಗ್ಲೋಬಿನ್. ಆರು ತಾಸಿಗೊಮ್ಮೆ. ಎಂಟರ ಕೆಳಗ ಬಂತಂದ್ರ ಆ ಕ್ಷಣ ಓಟಿ.”

ಈಗ 11.2.

4 ನವೆಂಬರ್, ಸೋಮವಾರ

9.8. ಮಧ್ಯಾಹ್ನ 9.5. ಸಂಜೆ 9.4.

ರಜೆ ಹಾಕಿ ಎಂದರು ಮೇಡಮ್. ಹಾಕಲಿಲ್ಲ. ಐಸಿಯುನಲ್ಲಿ ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ ಬಿಡುತ್ತಾರೆ. ಉಳಿದ ಹೊತ್ತು ಬೆಂಚಿನ ಮೇಲೆ ಕೂತು ಏನು ಮಾಡಲಿ. ನಮ್ಮ ಲ್ಯಾಬಿನ ನಿಯಮ — ಮನೆಯವರ ಸ್ಯಾಂಪಲ್ ಮನೆಯವರು ಮುಟ್ಟುವಂತಿಲ್ಲ. ಇವರದನ್ನು ಆಶಿಶ್ ಮಾಡುತ್ತಾನೆ. ಎಂಟು ಸಲ ಎಣಿಸಿ ಕಲಸುತ್ತಾನೆ, ನಾನು ಹಿಂದೆ ನಿಂತು ಎಣಿಸುತ್ತೇನೆ.

ತೆಗೆಯುವುದು ಬೇಡ ದೇವರೇ. ಏನು ಬೇಕಾದರೂ ಆಗಲಿ, ತೆಗೆಯುವುದು ಬೇಡ.

ಅಪ್ಪನದು ತೆಗೆದಿದ್ದರು. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಒಟ್ಟಿದ ಹಂಚು ಮೈಮೇಲೆ ಬಿದ್ದಿತ್ತು. ನನಗೆ ಹನ್ನೊಂದು ವರ್ಷ. ಆಪರೇಶನ್ ಚೆನ್ನಾಗಿ ಆಯಿತು, ಅಪ್ಪ ಮನೆಗೆ ಬಂದ, ಮತ್ತೆ ಕೆಲಸಕ್ಕೆ ಹೋದ. ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ ಜ್ವರ. ಮಧ್ಯಾಹ್ನಕ್ಕೆ ಮಾತು ತೊದಲಿತು. ದೀಪ ಹಚ್ಚುವ ಹೊತ್ತಿಗೆ ಇರಲಿಲ್ಲ. ಸ್ಪ್ಲೀನ್ ಇಲ್ಲದವರಿಗೆ ಸಣ್ಣ ಸೋಂಕೂ ಬೆಂಕಿಯಂತೆ ಹಬ್ಬುತ್ತದೆ, ಅದಕ್ಕೆ ಮೊದಲೇ ಚುಚ್ಚುಮದ್ದು ಹಾಕಿಸಬೇಕು ಎಂದು ಯಾರೂ ಹೇಳಿರಲಿಲ್ಲ. ಲ್ಯಾಬ್ ಕೆಲಸಕ್ಕೆಂದು ಡಿಎಂಎಲ್‌ಟಿ ಓದುವಾಗ ಪುಸ್ತಕದಲ್ಲಿ ಒಂದು ಸಾಲು ಕಂಡು ಗೊತ್ತಾಯಿತು. ಆ ದಿನ ಹಾಸ್ಟೆಲ್ಲಿನಲ್ಲಿ ಊಟ ಮಾಡಲಿಲ್ಲ.

ಮೇಡಮ್‌ಗೆ ಇದೆಲ್ಲ ಹೇಳಿದೆ. ಈಗ ಲಸಿಕೆಗಳಿವೆ, ಆಪರೇಶನ್ ಆದವರು ಮೊಮ್ಮಕ್ಕಳ ಮದುವೆ ಮಾಡಿದ್ದಾರೆ ಎಂದರು. ತಲೆಗೆ ಹೋಯಿತು. ಹೊಟ್ಟೆಗೆ ಇಳಿಯಲಿಲ್ಲ.

6 ನವೆಂಬರ್, ಬುಧವಾರ

ನಿನ್ನೆ ಇಡೀ ದಿನ 9.4, 9.3, 9.4. ಇವತ್ತು 9.3, 9.2. ನಿಂತಿದೆ ಅನ್ನಬಹುದು. ಗುಟುಕು ನೀರು ಕೊಟ್ಟರು. ಇವರು ನಗೆಚಾಟಿಕೆಗೆ ಇಳಿದಿದ್ದಾರೆ. ಹದಿನೆಂಟು ವರ್ಷ ಬಸ್ ಓಡಿಸಿ ಒಂದು ಕೋಳಿಗೂ ತಾಗಿಸಲಿಲ್ಲ, ಕಡೆಗೆ ತನಗೇ ಟಗರು ಡಿಕ್ಕಿ ಹೊಡೆಯಿತಲ್ಲ ಎಂದು. ನಗಬೇಡಿ, ಹೊಟ್ಟೆ ಅಲ್ಲಾಡುತ್ತದೆ ಎಂದು ಗದರಿದೆ.

ಅತ್ತೆ ನಂದಗಡದಿಂದ ಬಂದಿದ್ದಾರೆ. ಆ ಟಗರನ್ನು ಮಾರಿಬಿಟ್ಟೆ ಎಂದರು, ಮುಖ ನೋಡದೆ. ಮರಿ ಇದ್ದಾಗ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು ಅವರೇ. ಖಾಸಬಾಗದ ಮನೆಯಲ್ಲಿ ಇಬ್ಬರೂ ಅನ್ನ ಸಾರು ತಿಂದೆವು. ನಾಲ್ಕು ದಿನದಲ್ಲಿ ಮೊದಲ ಸಲ ಹಸಿವಾಯಿತು.

7 ನವೆಂಬರ್, ಗುರುವಾರ. ಬೆಳಿಗ್ಗೆ 7

8.9. ಸಲೈನ್ ಹೆಚ್ಚಾಗಿ ತೆಳುವಾಗಿರಬಹುದು ಎಂದರು ಮೇಡಮ್. ಹುಬ್ಬು ಗಂಟಿಕ್ಕಿತ್ತು. ಎರಡು ಬಾಟಲಿ ರಕ್ತ ತಯಾರಿಡಿ, ಹನ್ನೆರಡು ಗಂಟೆಯ ನಂಬರ್ ಬಂದ ಕೂಡಲೇ ನನಗೆ ಫೋನ್ ಎಂದರು.

ಮಧ್ಯಾಹ್ನ 12.50

ಆಶಿಶ್ ರಕ್ತದ ವ್ಯವಸ್ಥೆಗೆ ಬ್ಲಡ್ ಬ್ಯಾಂಕಿಗೆ ಹೋಗಿದ್ದ. ಐಸಿಯು ಆಯಾ ಚಂದ್ರವ್ವ ಟ್ಯೂಬ್ ತಂದು ನನ್ನ ಕೈಯಲ್ಲಿಟ್ಟಳು. ಆಶಿಶ್ ಬರಲಿ ಎಂದು ಕಾಯಬಹುದಿತ್ತು. ಕಾಯಲಿಲ್ಲ.

7.4.

ಮತ್ತೆ ಕಲಸಿ ಹಾಕಿದೆ. 7.5.

ಟ್ಯೂಬನ್ನು ರಾಕಿನಲ್ಲಿಟ್ಟು ಕೂತೆ. ಎಷ್ಟು ಹೊತ್ತು — ಹತ್ತು ನಿಮಿಷ, ಹದಿನೈದು... ಅಪ್ಪನ ಹೊಟ್ಟೆಯ ಮೇಲಿನ ಉದ್ದ ಗೀರು ಕಣ್ಣ ಮುಂದೆ. ಎದ್ದು ಮೂರನೇ ಸಲ ಹಾಕಿದೆ. ಕಲಸಲಿಲ್ಲ. ಮರೆತೆ ಎಂದು ಬರೆಯಲು ಪೆನ್ನು ಎತ್ತಿದ್ದೆ. ಮರೆಯಲಿಲ್ಲ.

8.6.

ಮೇಡಮ್‌ಗೆ ಫೋನ್ ಮಾಡಿ ಎಂಟು ಪಾಯಿಂಟ್ ಆರು ಎಂದೆ. ಅವರ ಉಸಿರು ಹಗುರಾದದ್ದು ಫೋನಿನಲ್ಲೇ ಕೇಳಿಸಿತು. ಹಾಗಾದರೆ ಸಂಜೆಯ ನಂಬರ್ ನೋಡೋಣ, ಒಂದು ಗಂಟೆಗೆ ಬೇರೆ ಆಪರೇಶನ್ ಇದೆ, ಅದನ್ನು ಮುಗಿಸುತ್ತೇನೆ ಎಂದರು. ನಾನು ಸರಿ ಎಂದೆ.

2.30

ಎಂಟಕ್ಕೂ ಏಳೂವರೆಗೂ ಎಷ್ಟು ಅಂತರ. ಅರ್ಧ. ಮಷೀನೇ ಕೆಲವು ಸಲ ಆಚೆ ಈಚೆ ತೋರಿಸುತ್ತದೆ. ಸಂಜೆಗೆ ತಾನಾಗಿ ಏರಬಹುದು. ಸೋರುವುದು ನಿಂತಿರಬಹುದು. ತೆಗೆದ ಮೇಲೆ ಮತ್ತೆ ಇಡಲಾಗುವುದಿಲ್ಲ, ಕಾದರೆ ಮುಂದೆಯೂ ತೆಗೆಯಬಹುದು...

ಸುಳ್ಳು. ಒಂದೇ ಟ್ಯೂಬಿನಲ್ಲಿ ಒಂದಕ್ಕಿಂತ ಹೆಚ್ಚು ಅಂತರ ಬರುವುದಿಲ್ಲ. ಇದನ್ನು ನಾನೇ ಬೇರೆಯವರಿಗೆ ಕಲಿಸುತ್ತೇನೆ.

ಮೇಡಮ್ ಓಟಿಯಲ್ಲಿದ್ದಾರೆ. ಹೊರಗೆ ಬಂದ ಕೂಡಲೇ ಹೇಳುತ್ತೇನೆ. ಇಲ್ಲ, ಮೂರಕ್ಕೆ ಇನ್ನೊಂದು ಸ್ಯಾಂಪಲ್ ತರಿಸಿ ಅದನ್ನು ಸರಿಯಾಗಿ ಹಾಕುತ್ತೇನೆ. ಆಗ ಇದನ್ನು ಹೇಳಬೇಕಾಗಿಲ್ಲ.

ಎಂಥ ಹೆಂಗಸು ನಾನು.

3.55

ಮೂರರ ಸ್ಯಾಂಪಲ್ ತರಿಸಲಿಲ್ಲ. ಐಸಿಯುಗೆ ಹೋಗಿದ್ದೆ. ನಾಡಿ 96, ಬಿಪಿ ನೂರರ ಹತ್ತಿರ. ಮಲಗಿದ್ದಾರೆ, ಆರಾಮ ಇದ್ದಾರೆ ಎಂದಳು ಸಿಸ್ಟರ್. ಅಂಗೈ ಹಿಡಿದೆ. ತಣ್ಣಗೆ, ಒದ್ದೆ. ಆಕಳಿಕೆ ಮೇಲೆ ಆಕಳಿಕೆ. ಬಾಯಿ ಆರುತ್ತಿದೆ, ನೀರು ಕೊಡು ಎಂದರು. ಕಣ್ಣು ಬಿಟ್ಟು ನನ್ನನ್ನೇ ನೋಡಿ ಕೇಳಿದರು, “ನಂಬರ್ ಚಲೋ ಐತಿಲ್ಲ?”

ಹೂಂ ಅಂದೆ. ಹೊರಗೆ ಬಂದೆ. ಈ ಸಾಲು ಬರೆದು ಓಟಿಗೆ ಹೋ

8 ನವೆಂಬರ್, ಶುಕ್ರವಾರ. ಬೆಳಿಗ್ಗೆ

ಬದುಕಿದ್ದಾರೆ. ವೆಂಟಿಲೇಟರ್ ಮೇಲೆ.

ನಿನ್ನೆ ಓಡಿದೆ. ಚಪ್ಪಲಿ ಮೆಟ್ಟಿಲಲ್ಲೇ ಉಳಿಯಿತು. ಮೇಡಮ್ ಆಗಷ್ಟೇ ಆಪರೇಶನ್ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಮಧ್ಯಾಹ್ನದ್ದು ಎಂಟು ಪಾಯಿಂಟ್ ಆರು ಅಲ್ಲ ಎಂದೆ. ಎಷ್ಟು ಎಂದರು. ಏಳು ಪಾಯಿಂಟ್ ನಾಲ್ಕು, ಎರಡನೇ ಸಲ ಏಳೂವರೆ, ಮೂರನೇ ಸಲ ಟ್ಯೂಬು ಕಲಸದೆ ಹಾಕಿದೆ, ಬೇಕಂತಲೇ ಹಾಕಿದೆ ಎಂದೆ. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಒರೆಸುತ್ತಿದ್ದ ಬಟ್ಟೆ ಬಿಸಾಡಿ, ಸಿಸ್ಟರನ್ನು ಕೂಗಿ, ನನ್ನ ಪಕ್ಕದಿಂದಲೇ ಐಸಿಯು ಕಡೆ ಓಡಿದರು.

ಹತ್ತು ನಿಮಿಷದಲ್ಲಿ ಇವರ ಬಿಪಿ ಅರವತ್ತಕ್ಕೆ ಬಿತ್ತು. ಟೇಬಲ್ ಮೇಲೆ ಇನ್ನೂ ಕೆಳಗೆ. ಹೊಟ್ಟೆಯಲ್ಲಿ ಎರಡೂವರೆ ಲೀಟರ್ ರಕ್ತ. ಸ್ಪ್ಲೀನ್ ಎರಡು ಹೋಳಾಗಿತ್ತಂತೆ. ತೆಗೆದರು. ಆರು ಬಾಟಲಿ ರಕ್ತ ಕೊಟ್ಟರು. ಮೂರು ಗಂಟೆ ಹಿಡಿಯಿತು. ಅತ್ತೆ ನನ್ನ ಸೆರಗು ಹಿಡಿದುಕೊಂಡು ಕೂತಿದ್ದರು, ಬಿಡಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಹೊರಗೆ ಬಂದು ಮೇಡಮ್ ಅತ್ತೆಗೆ ಎಲ್ಲ ಹೇಳಿದರು, ನನ್ನ ಭಾಗ ಒಂದನ್ನು ಬಿಟ್ಟು. ನನಗೆ ಆಮೇಲೆ, ಇಬ್ಬರೇ ಇದ್ದಾಗ:

“ಮಧ್ಯಾಹ್ನ ತೆರದಿದ್ರ ಇದು ಸಾದಾ ಆಪರೇಶನ್ ಆಗ್ತಿತ್ತು. ನಾ ನಿಮ್ಮ ನಂಬರ್ ನಂಬಿದೆ, ಪ್ರಮಿಳಾ.”

ಆಮೇಲೆ ಕಾಗದ ತೆಗೆದುಕೊಂಡು ಮೂರು ನಂಬರನ್ನೂ ನಿಮ್ಮ ಕೈಯಾರೆ ಬರೆದು ಆಫೀಸಿಗೆ ಕೊಡಿ, ನಿಮ್ಮ ಪರವಾಗಿ ನಾನು ಬರೆಯುವುದಿಲ್ಲ ಎಂದರು. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಅಳಬಹುದಿತ್ತು.

ನಿನ್ನೆಯಿಂದ ಮೂತ್ರ ಇಳಿದಿಲ್ಲ. ಚೀಲದಲ್ಲಿ ತಳ ಕಾಣಿಸುವಷ್ಟು, ಕಂದು ಬಣ್ಣ.

ಮಧ್ಯಾಹ್ನ

ಪತ್ರ ಬರೆಯಲು ಲ್ಯಾಬಿಗೆ ಹೋದೆ. ಆಶಿಶ್ ಬಾಗಿಲು ಹಾಕಿ, ದನಿ ತಗ್ಗಿಸಿ, “ಮೇಡಮ್, ಮಷೀನಿನ್ಯಾಗ ಮೂರೂ ರನ್ ಹಂಗ ಅದಾವ. ಅಳಸಿಬಿಡ್ಲೇನ್ರಿ?” ಎಂದ. ಕಣ್ಣು ಕೆಂಪಾಗಿತ್ತು. ನನಗಾಗಿ ತನ್ನ ನೌಕರಿ ಪಣಕ್ಕಿಡಲು ನಿಂತಿದ್ದಾನೆ, ಪಾಪ. ಬೇಡ, ಪ್ರಿಂಟ್ ತೆಗೆದುಕೊಡು ಎಂದೆ. ಪತ್ರಕ್ಕೆ ಪಿನ್ ಮಾಡಿ ಕೊಟ್ಟೆ. ಮುಂದಿನ ಆದೇಶದವರೆಗೆ ಲ್ಯಾಬಿಗೆ ಬರುವಂತಿಲ್ಲ.

12 ನವೆಂಬರ್, ಮಂಗಳವಾರ

ಮೂರು ದಿನ ಪುಸ್ತಕ ತೆರೆಯಲಿಲ್ಲ. ಎರಡು ಸಲ ಡಯಾಲಿಸಿಸ್ ಆಯಿತು. ರಕ್ತ ಸಾಲದೆ ಕಿಡ್ನಿ ಮುಷ್ಕರ ಹೂಡಿವೆ, ಸಾಧಾರಣವಾಗಿ ವಾರ ಎರಡು ವಾರದಲ್ಲಿ ಮರಳುತ್ತವೆ ಎನ್ನುತ್ತಾರೆ. ಭಾಷೆ ಕೊಡುವುದಿಲ್ಲ ಎಂದೂ ಎನ್ನುತ್ತಾರೆ. ನಿನ್ನೆ ಸಂಜೆ ಬಾಯಿಯ ನಳಿಗೆ ತೆಗೆದರು. ಇನ್ನೂ ಮಾತಿಲ್ಲ. ಕಣ್ಣು ತಿರುಗಿಸಿ ಯಾರನ್ನೋ ಹುಡುಕುತ್ತಾರೆ. ನಾನು ಕಂಡರೆ ಹುಡುಕುವುದು ನಿಲ್ಲುತ್ತದೆ.

ಅಪ್ಪನನ್ನು ಕಳೆದುಕೊಂಡವಳು ಗಂಡನನ್ನು ಉಳಿಸಿಕೊಳ್ಳಲು ಹೊರಟೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹಾಗಲ್ಲ. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ನನ್ನ ಹೆದರಿಕೆ ತಣಿಯಲಿ ಎಂದು ಇವರ ರಕ್ತ ಹರಿಯಲು ಬಿಟ್ಟೆ. ಮೂರು ತಾಸಿಗೂ ಹೆಚ್ಚು. ಇದನ್ನು ಬರೆದರೂ ಎದೆ ಹಗುರಾಗುವುದಿಲ್ಲ.

ಅತ್ತೆ ಸ್ಟೀಲ್ ಡಬ್ಬಿಯಲ್ಲಿ ಗಂಜಿ ತಂದು, ಉಂಡಿಯೇನವ್ವಾ ಎಂದು ದಿನಾ ಮೊದಲು ನನ್ನನ್ನೇ ಕೇಳುತ್ತಾರೆ. ಅವರಿಗೆ ಗೊತ್ತಿಲ್ಲ.

14 ನವೆಂಬರ್, ಗುರುವಾರ

ಮಾತಾಡಿದರು. ಒಡೆದ ದನಿ. ಮೊದಲು ಕೇಳಿದ್ದು ತೆಗೆದರೇನು ಎಂದು. ಹೂಂ ಎಂದೆ. ಹೋಗಲಿ ಬಿಡು, ಇಷ್ಟು ದಿನ ಅದು ಇದೆ ಅಂತಲೇ ಗೊತ್ತಿರಲಿಲ್ಲ ಎಂದರು.

ಚಂದ್ರವ್ವ ಹಾಸಿಗೆ ಬದಲಿಸುತ್ತ ಇಡೀ ಕಥೆ ಹೇಳಿದಳು. ತನಗೆ ಕಂಡಷ್ಟು. ನಿಮ್ಮ ಮನೆಯವರು ಬರಿಗಾಲಲ್ಲಿ ಓಟಿಗೆ ಓಡಿಹೋಗಿ ಮೇಡಮ್‌ರನ್ನು ಕರೆತಂದರು, ಇಲ್ಲದಿದ್ದರೆ ಆ ದಿನವೇ ಮುಗಿದಿತ್ತು ಎಂದಳು. ಬೇಡ ಎಂದು ಕಣ್ಸನ್ನೆ ಮಾಡಿದೆ. ನಾಚಿಕೆ ಅಂದುಕೊಂಡು ಇನ್ನೂ ಜೋರಾಗಿ ಹೇಳಿದಳು. ಅತ್ತೆ ನನ್ನ ಕೆನ್ನೆ ಸವರಿ ಲಟಿಗೆ ಮುರಿದರು. ಇವರು ನನ್ನ ಕಡೆ ತಿರುಗಿ ಹೇಳಿದರು:

“ನೀ ಲ್ಯಾಬಿನಾಗ ಇದ್ದಿ ಅಂತ ನನಗ ಅಂಜಿಕಿನ ಇರಲಿಲ್ಲ ನೋಡ. ನಂಬರ್ ನೋಡಾಕಿ ನನ್ನ ಹೇಣ್ತಿ ಅದಾಳ ಅಂತ ಅರಾಮ ಮಲಗಿದ್ದೆ.”

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಹೇಳಬೇಕು. ಮೇಡಮ್‌ರನ್ನು ಕೇಳಿದೆ, ಈ ಸ್ಥಿತಿಯಲ್ಲಿ ಹೇಳಬಹುದೇ ಎಂದು. ಬಿಪಿಗೆ ಏನೂ ಆಗುವುದಿಲ್ಲ, ನಿಮ್ಮ ಸಂಸಾರಕ್ಕೆ ಏನಾಗುತ್ತದೋ ನನಗೆ ಗೊತ್ತಿಲ್ಲ ಎಂದರು. ಲಸಿಕೆಗಳ ಪಟ್ಟಿ ಕೈಗಿಟ್ಟರು. ಮೂರು ಥರದ್ದು, ಮುಂದಿನ ಗುರುವಾರ. ಜ್ವರ ಬಂದರೆ ಕಾಯದೆ ಬರಬೇಕು, ಇದನ್ನು ಇವರ ಜೇಬಿನಲ್ಲಿ ಸದಾ ಇರುವ ಚೀಟಿಯಲ್ಲಿ ಬರೆಸಿರಿ ಎಂದರು.

15 ನವೆಂಬರ್, ಶುಕ್ರವಾರ

ಹೇಳಲಿಲ್ಲ. ಅತ್ತೆ ಇದ್ದರು.

ಅತ್ತೆ ಹೋದ ಮೇಲೂ ಹೇಳಲಿಲ್ಲ.

16 ನವೆಂಬರ್, ಶನಿವಾರ. ಮಧ್ಯಾಹ್ನ 3

ಮೂತ್ರ ಬಂದಿದೆ. ಬೆಳಿಗ್ಗೆಯಿಂದ ನಾನೂರು ಎಂಎಲ್. ತಿಳಿ ಹಳದಿ. ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತು ಗೆರೆ ಎಣಿಸಿದೆ, ಎರಡು ಸಲ. ಸಿಸ್ಟರ್ ನಕ್ಕಳು. ಇವತ್ತು ಡಯಾಲಿಸಿಸ್ ಬೇಡ ಎಂದಿದ್ದಾರೆ.

ವಾರ್ಡಿಗೆ ಹಾಕಿದ್ದಾರೆ, ಕಿಟಕಿ ಪಕ್ಕದ ಮಂಚ. ಅತ್ತೆ ಖಾಸಬಾಗದ ಮನೆಗೆ ಹೋಗಿ ಮಲಗಿದ್ದಾರೆ. ನಾವಿಬ್ಬರೇ. ಇವರಿಗೆ ನಿದ್ದೆ ಹತ್ತಿದೆ ಅಂದುಕೊಂಡು ಪುಸ್ತಕ ತೆಗೆದೆ. ಎಚ್ಚರ ಇದ್ದರು. ದಿನಾ ಅಷ್ಟು ಏನು ಬರೆಯುತ್ತೀ ಎಂದು ಕೇಳಿದರು. ಆಸ್ಪತ್ರೆಯ ಲೆಕ್ಕ ಎಂದೆ. ಲೆಕ್ಕ ಬರೆಯುವಾಗ ಯಾರೂ ಅಳುವುದಿಲ್ಲ ಎಂದರು. ಆಮೇಲೆ, ಹೊತ್ತು ಹೋಗುತ್ತಿಲ್ಲ, ಮಲಗಿ ಮಲಗಿ ಬೆನ್ನು ಸುಟ್ಟಿದೆ, ತಾನು ಎಚ್ಚರ ತಪ್ಪಿದ ದಿನ ಏನೇನಾಯಿತು ಗೊತ್ತಿಲ್ಲ, ಅದನ್ನಾದರೂ ಓದಿ ಹೇಳು ಎಂದರು.

ಬೇಡ ಎಂದೆ. ಇದು ಯಾರೂ ಓದಲೆಂದು ಬರೆದದ್ದಲ್ಲ.

“ನಾ ಓದೂದಿಲ್ಲ. ನೀ ಓದು. ನಾ ಕೇಳ್ತೇನಿ.”

ಕಣ್ಣು ಮುಚ್ಚಿದ್ದಾರೆ. ಕೈ ನನ್ನ ಮೊಣಕಾಲ ಮೇಲಿದೆ, ಇವತ್ತು ಬೆಚ್ಚಗಿದೆ. ಏಳನೇ ತಾರೀಖಿನ ಗುರುವಾರದ ಪುಟಕ್ಕೆ ಬೆರಳಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಬರೆಯುವುದನ್ನು ನಿಲ್ಲಿಸಿದರೆ ಓದಬೇಕಾಗುತ್ತದೆ. ಅದಕ್ಕೇ ಬರೆಯುತ್ತಲೇ ಇದ್ದೇನೆ. ಇವರು ಕಾಯುತ್ತಿದ್ದಾರೆ. ಓದು ಪ್ರಮೀ ಎಂದು ಮತ್ತೊಮ್ಮೆ ಅಂದರು. ಸರಿ —